ಹೊಳೆ ದಂಡೆಯಲ್ಲಿ ಬಿಡಿಸಿದ ಕೊಡೆ

ಹೊರಡುವ ಮೊದಲು

ನಾನು ಕೊಡೆ ಮಾರುವವನು. ಕುಲಶೇಖರದಲ್ಲಿ ಬಸ್ಸು ನಿಲ್ಲುವಲ್ಲಿಂದ ನಾಲ್ಕು ಹೆಜ್ಜೆ ಮುಂದೆ ಉಪ್ಪ, ಅಂದರೆ ನನ್ನ ತಂದೆ, ಶುರು ಮಾಡಿದ ಸಣ್ಣ ಅಂಗಡಿ. ಮಳೆಗಾಲದಲ್ಲಿ ಮಾರಾಟ, ಉಳಿದ ತಿಂಗಳು ರಿಪೇರಿ. ಹನ್ನೆರಡನೆಯ ವಯಸ್ಸಿನಲ್ಲಿ ಕಡ್ಡಿಗೆ ಬಟ್ಟೆ ಹೊಲಿಯಲು ಕೂತವನು ಇಂದಿಗೂ ಅಲ್ಲಿಂದ ಎದ್ದಿಲ್ಲ ಎಂದರೆ ಸುಳ್ಳಲ್ಲ.

ಒಂದೇ ಒಂದು ಸಲ ಎದ್ದೆ. ಎದ್ದವನು ದುಬೈಗೋ ದಮ್ಮಾಮಿಗೋ ಹೋಗಲಿಲ್ಲ. ಕೆನಡಾದ ಉತ್ತರದ ತುದಿಗೆ, ಮರವೆಂಬುದೇ ಬೆಳೆಯದ ಊರಿಗೆ ಹೋಗಿ ಬಂದೆ. ಬಂದ ಮೇಲೆ ಅಂಗಡಿಗೆ ಬಂದವರೆಲ್ಲ ಕೇಳಿದರು: "ಹಮೀದಾಕ, ಅಲ್ಲಿ ಎಂತ ಉಂಟು?" ಹೇಳಿದೆ. ಗಾಳಿಯ ಕತೆ, ಹಸಿ ಮೀನಿನ ಕತೆ, ಗುಡ್ಡಕ್ಕೆ ಗುಡ್ಡವೇ ನಡೆದು ಬಂದ ಹಾಗೆ ಬರುವ ಕ್ಯಾರಿಬೂ ಎಂಬ ಜಿಂಕೆಗಳ ಕತೆ. ಎಲ್ಲರೂ ಬಾಯಿ ಬಿಟ್ಟು ಕೇಳಿದರು. ಒಂದು ಭಾಗವನ್ನು ಮಾತ್ರ ಪ್ರತಿ ಸಲವೂ ಹಾರಿಸಿಬಿಟ್ಟೆ. ಹೇಳಿದ್ದೆಲ್ಲ ನಿಜವೇ, ಆದರೆ ಹಾರಿಸಿದ್ದು ಎಲ್ಲಕ್ಕಿಂತ ದೊಡ್ಡದು. ಅದನ್ನು ಬರೆಯದಿದ್ದರೆ ಈ ಪ್ರವಾಸದ ಬಗ್ಗೆ ಬಾಯಿ ತೆರೆಯುವ ಯೋಗ್ಯತೆ ನನಗಿಲ್ಲ.

ಅಲ್ಲಿರುವುದು ನನ್ನ ತಂಗಿಯ ಮಗ ರಫೀಕ್. ಮೊದಲು ಕುವೈತಿನಲ್ಲಿ ಏಸಿ ಮೆಕ್ಯಾನಿಕ್ ಆಗಿ ಮನೆಗಳನ್ನು ತಂಪು ಮಾಡುತ್ತಿದ್ದ. ಈಗ ಕೆನಡಾದಲ್ಲಿ ಹೀಟರು, ಬಾಯ್ಲರು ರಿಪೇರಿ ಮಾಡಿ ಮನೆಗಳನ್ನು ಬೆಚ್ಚಗೆ ಮಾಡುತ್ತಾನೆ. ಮೂರು ವರ್ಷವಾದರೂ ಮಗ ಊರಿಗೆ ಬರಲಿಲ್ಲವೆಂದು ತಂಗಿಗೆ ಚಿಂತೆ. "ಅವನು ಅಲ್ಲಿ ಹೇಗಿದ್ದಾನೆ, ಎಂತ ತಿಂತಾನೆ, ನೋಡಿ ಬಾ" ಎಂದು ನನ್ನ ಬೆನ್ನು ಹತ್ತಿದಳು. ನನ್ನ ಹೆಂಡತಿ ಮಾತ್ರ, "ಅಲ್ಲಿ ನೋಡ್ಲಿಕ್ಕೆ ಎಂತ ಉಂಟು? ಐಸ್ ನೋಡ್ಬೇಕಾದ್ರೆ ನಮ್ಮ ಮೀನಿನ ಧಕ್ಕೆಯಲ್ಲೇ ಬೇಕಾದಷ್ಟು ಉಂಟಲ್ಲ" ಎಂದಳು.

ಹೊರಡುವಾಗ ಕೈಯಲ್ಲಿ ಕೊಡೆ ಇತ್ತು. ಕೊಡೆ ಇಲ್ಲದೆ ನಾನು ಮಸೀದಿಗೂ ಹೋಗಿದ್ದಿಲ್ಲ. ಉದ್ದದ ಕೊಡೆ, ಎಂಟು ಉಕ್ಕಿನ ಕಡ್ಡಿ, ಕಪ್ಪು ಬಟ್ಟೆ, ಹಿಡಿಯ ಮೇಲೆ ಬಟನ್. ಒತ್ತಿದರೆ ಟಪ್ ಎಂದು ಬಿಡಿಸಿಕೊಳ್ಳುತ್ತದೆ. ನನ್ನ ಕೈಯಾರೆ ಜೋಡಿಸಿದ್ದು. ಅದರ ಮೇಲೆ ನನಗಿದ್ದ ಜಂಬವನ್ನು ಮೊದಲೇ ಹೇಳಿಬಿಡುತ್ತೇನೆ.

ಹಳ್ಳಿ

ಹಳ್ಳಿಯ ಹೆಸರು ಬರೆಯುವುದಿಲ್ಲ. ರಫೀಕ್ ಇನ್ನೂ ಅಲ್ಲಿಯೇ ಇರಬೇಕಾದವನು. ಕಲ್ಲು ನೆಲದ ಮೇಲೆ ಕಾಲು ಊರಿ ನಿಂತ ಬಣ್ಣ ಬಣ್ಣದ ಮನೆಗಳು, ಒಂದು ಅಂಗಡಿ, ಒಂದು ಶಾಲೆ, ಆಚೆಗೆ ಬೂದು ಸಮುದ್ರ. ಆಗಸ್ಟ್ ತಿಂಗಳ ಕೊನೆ. ನಮ್ಮಲ್ಲಿ ಕಾವೂರು ಕೆರೆ ತುಂಬಿ ತುಳುಕುವ ಹೊತ್ತಿಗೆ ಅಲ್ಲಿ ಬೇಸಿಗೆ ಮುಗಿದು, ನೆಲದ ಹುಲ್ಲು ಪಾಚಿಯೆಲ್ಲ ಕೆಂಪಗಾಗಿತ್ತು.

ವಿಮಾನದಿಂದ ಇಳಿದ ಕೂಡಲೇ ಕೊಡೆ ನೋಡಿ ಜನ ನಗಲು ಶುರುಮಾಡಿದರು. ಆ ಊರಿನಲ್ಲಿ ಯಾರ ಹತ್ತಿರವೂ ಕೊಡೆ ಇಲ್ಲ. ಬೀಸುವ ಗಾಳಿಗೆ ಕೊಡೆ ನಿಲ್ಲುವುದೂ ಇಲ್ಲ. ರಫೀಕ್ ತಲೆ ಚಚ್ಚಿಕೊಂಡ.

"ಮಾಮ, ಇದನ್ನು ಎಂತಕ್ಕೆ ತಂದದ್ದು ಮಾರಾಯ್ರೆ?"

"ಮಳೆ ಬಂದ್ರೆ?"

"ಇಲ್ಲಿ ಮಳೆ ಬಂದ್ರೆ ಒದ್ದೆಯಾಗುದು ಅಷ್ಟೆ."

ನಾವು ಮನೆಯಲ್ಲಿ ಮಾತನಾಡುವುದು ಬ್ಯಾರಿ ಭಾಷೆ. ಓದುವವರಿಗೆ ಸುಲಭವಾಗಲೆಂದು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಅಲ್ಲಿಯ ಇನುಯಿತ್ ಜನರ ಒಂದು ಅಭ್ಯಾಸ ನನಗೆ ತುಂಬಾ ಹಿಡಿಸಿತು. ಹೌದು ಎನ್ನಲು ಅವರು ಬಾಯಿ ತೆರೆಯುವುದಿಲ್ಲ, ಹುಬ್ಬು ಎತ್ತುತ್ತಾರೆ. ಅಲ್ಲ ಎನ್ನಲು ಮೂಗು ಸುಕ್ಕು ಮಾಡುತ್ತಾರೆ. ಮೊದಲ ದಿನ ಅಂಗಡಿಯ ಹುಡುಗಿಯನ್ನು "ಚಹಾಪುಡಿ ಉಂಟಾ?" ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಮೂರು ಸಲ ಕೇಳಿದೆ. ಅವಳು ಮೂರು ಸಲವೂ ಹುಬ್ಬು ಎತ್ತಿದಳು. ನನಗೆ ಸಿಟ್ಟು ಬಂತು. ಹೊರಗೆ ಬಂದು, "ಎಂತ ಜನ ಮಾರಾಯ, ಕೇಳಿದ್ರೆ ಉತ್ತರ ಇಲ್ಲ" ಎಂದಾಗ ರಫೀಕ್ ಬಿದ್ದು ಬಿದ್ದು ನಕ್ಕ. "ಮೂರು ಸಲ ಹೌದು ಅಂದಿದ್ದಾಳಲ್ಲ ಮಾಮ!" ಆಮೇಲೆ ನಾನೂ ಕಲಿತೆ. ನನ್ನದು ಪೊದೆ ಹುಬ್ಬು, ದೂರದಿಂದಲೂ ಕಾಣುತ್ತದೆ. ಊರ ಮಕ್ಕಳು ಬೇಕೆಂದೇ ಏನಾದರೂ ಕೇಳಿ ನನ್ನ ಹುಬ್ಬು ಏಳಿಸಿ ನಗುತ್ತಿದ್ದರು.

ಎಲಿಸಪಿಯ ಮನೆ

ರಫೀಕನ ಪಕ್ಕದ ಮನೆಯಲ್ಲಿ ಎಲಿಸಪಿ ಎಂಬ ಅಜ್ಜಿ, ಅವರ ಮಗ ಜೋನಾ, ಸೊಸೆ, ಮತ್ತು ಎರಡು ತಿಂಗಳ ಹೆಣ್ಣು ಮಗು. ಜೋನಾ ಒಳ್ಳೆಯ ಬೇಟೆಗಾರ. ಹಿಂದಿನ ಚಳಿಗಾಲದಲ್ಲಿ ಅವರ ಮನೆಯ ಹೀಟರು ಕೆಟ್ಟಾಗ ರಫೀಕ್ ಇಡೀ ದಿನ ಕೂತು ಸರಿ ಮಾಡಿಕೊಟ್ಟಿದ್ದನಂತೆ. ಅಂದಿನಿಂದ ಅಜ್ಜಿಗೆ ಅವನ ಮೇಲೆ ಪ್ರೀತಿ. ಆ ವರ್ಷ ಮೊದಲ ಸಲ ಕ್ಯಾರಿಬೂ ಕಾಯುವ ಹೊಳೆ ದಂಡೆಗೆ ಅವನನ್ನು ಕರೆದಿದ್ದರು. ಹೊರಗಿನಿಂದ ಬಂದವರನ್ನು ಅಲ್ಲಿಗೆ ಸುಮ್ಮನೆ ಕರೆಯುವುದಿಲ್ಲ. "ಮಾಮ, ನನಗೆ ಇಲ್ಲಿ ಈಗ ಮನುಷ್ಯ ಅಂತ ಒಂದು ಲೆಕ್ಕ ಉಂಟು" ಎಂದು ರಫೀಕ್ ಹೇಳಿದಾಗ ಅವನ ಮುಖ ಅರಳಿದ್ದು ನೋಡಬೇಕಿತ್ತು.

ಎಲಿಸಪಿ ಚರ್ಮ ಹೊಲಿಯುವವರು. ಅವರ ಹಳೆಯ ಕೋಟನ್ನು ಮುಟ್ಟಿ ನೋಡಿದೆ. ಕ್ಯಾರಿಬೂ ಚರ್ಮ, ಒಳಗೂ ಹೊರಗೂ ರೋಮ. ಆ ರೋಮದ ಒಂದೊಂದು ಎಳೆಯೂ ಒಳಗೆ ಟೊಳ್ಳು, ಗಾಳಿ ತುಂಬಿದ್ದು. ಅದಕ್ಕೇ ಆ ಪ್ರಾಣಿಗೆ ಚಳಿ ತಾಗುವುದಿಲ್ಲ, ಹೊಳೆಗೆ ಇಳಿದರೆ ತೆಪ್ಪದ ಹಾಗೆ ತೇಲುತ್ತದೆ. ಚಳಿಗಾಲದಲ್ಲಿ ಅದರ ಗೊರಸಿನ ಮೆತ್ತೆ ಒಣಗಿ ಅಂಚು ಹರಿತವಾಗುತ್ತದೆ. ಆ ಅಂಚಿನಿಂದ ಹಿಮ ಕೆರೆದು ಅಡಿಯ ಕಲ್ಲುಹೂವು ತಿಂದು ಬದುಕುತ್ತದೆ. ಗಂಡಿನ ಕೊಂಬು ಚಳಿಗೆ ಮೊದಲೇ ಉದುರಿದರೂ ಬಸುರಿ ಹೆಣ್ಣಿನ ಕೊಂಬು ವಸಂತದವರೆಗೆ ಉಳಿಯುತ್ತದೆ, ತಾನು ಕೆರೆದ ಹೊಂಡವನ್ನು ಬೇರೆಯವು ಕಸಿಯಬಾರದೆಂದು. ಇದನ್ನೆಲ್ಲ ಅಜ್ಜಿ ಹೇಳುತ್ತಾ ಹೋದರು, ಜೋನಾ ಇಂಗ್ಲಿಷಿಗೆ ತಂದ, ರಫೀಕ್ ನನಗೆ ಹೇಳಿದ. ಈಚೆಗೆ ಚಳಿಗಾಲದ ನಡುವೆ ಮಳೆ ಬೀಳುತ್ತದಂತೆ. ಬಿದ್ದ ಮಳೆ ಹಿಮದ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ. ಗೊರಸಿಗೆ ಒಡೆಯಲಾಗದೆ, ಮೇವು ಅಡಿಯಲ್ಲೇ ಇದ್ದರೂ, ಪ್ರಾಣಿ ಹಸಿದು ಸಾಯುತ್ತದೆ. ಮಳೆಯನ್ನೇ ನಂಬಿ ಅನ್ನ ತಿನ್ನುವ ನನಗೆ ಮಳೆಯಿಂದ ಹೀಗೂ ಆಗಬಹುದು ಎಂದು ಆವರೆಗೆ ಗೊತ್ತಿರಲಿಲ್ಲ.

ಎರಡು ವರ್ಷದಿಂದ ಅವರ ಹೊಳೆಯ ದಾರಿಗೆ ಕ್ಯಾರಿಬೂ ಬಂದಿರಲಿಲ್ಲ. ಈ ವರ್ಷ ಬರಲೇಬೇಕಿತ್ತು. ಯಾಕೆಂದರೆ ಎಲಿಸಪಿಗೆ ಮೊಮ್ಮಗಳಿಗೆ ಚರ್ಮದ ಉಡುಪು ಹೊಲಿಯಬೇಕು. ತಮ್ಮ ಎಲ್ಲ ಮಕ್ಕಳಿಗೂ ಮೊದಲ ಚಳಿಗಾಲದ ಉಡುಪನ್ನು ಅವರೇ ಹೊಲಿದವರು. ಉಡುಪಿಗೆ ಆಗುವುದು ಬೇಸಿಗೆಯ ಕೊನೆಯ ಚರ್ಮ ಮಾತ್ರ. ತಡವಾದರೆ ರೋಮ ಉದ್ದವಾಗಿ ಹಾಸಲು ಮಾತ್ರ ಬರುತ್ತದೆ. ಮುಂದಿನ ವರ್ಷ ನೋಡೋಣ ಎನ್ನುವ ಹಾಗೂ ಇಲ್ಲ, ಅವರ ಕಣ್ಣು ಹೋಗುತ್ತಿತ್ತು. ನಡುವಿನ ನೋಟ ಆಗಲೇ ಮಬ್ಬು. ಡಾಕ್ಟರರು ಇನ್ನು ಸರಿಯಾಗುವುದಿಲ್ಲ ಎಂದಿದ್ದರು.

ಅವರು ನನ್ನ ಕೊಡೆಯನ್ನು ತೊಡೆಯ ಮೇಲಿಟ್ಟು, ಕಡ್ಡಿಯ ತುದಿಗೆ ಬಟ್ಟೆ ಕಟ್ಟಿದ ನೂಲನ್ನು ಬೆರಳಿನಿಂದ ತಡವಿ ನೋಡಿದರು. ಯಾರು ಹೊಲಿದದ್ದು ಎಂದು ಕೇಳಿದರು. ನಾನು ಹುಬ್ಬು ಎತ್ತಿದೆ. ಅವರೂ ಹುಬ್ಬು ಎತ್ತಿದರು, ಒಪ್ಪಿಗೆಯಾಯಿತು ಎಂಬಂತೆ. ಮತ್ತೆ ತಮ್ಮ ಹೊಲಿಗೆ ತೋರಿಸಿದರು. ಸೂಜಿ ಚರ್ಮದ ಅರ್ಧಕ್ಕೆ ಮಾತ್ರ ಹೋಗಿ ಹಿಂದೆ ಬರುತ್ತದೆ, ಆಚೆ ತೂತಾಗುವುದೇ ಇಲ್ಲ, ಹಾಗಾಗಿ ನೀರು ಸೇರುವುದಿಲ್ಲ. ಇಷ್ಟು ವರ್ಷ ನೀರು ತಡೆಯುವ ಹೊಲಿಗೆಯಲ್ಲೇ ಬದುಕಿದ ನಾನು ಅಂಥದ್ದನ್ನು ಕಂಡಿರಲಿಲ್ಲ. ನಿಜವಾಗಿ ಕೈ ಮುಗಿಯಬೇಕು ಅನ್ನಿಸಿತು.

ಹೊಳೆ ದಂಡೆ, ಕಾಯುವ ದಿನಗಳು

ದೋಣಿಯಲ್ಲಿ ಅರ್ಧ ದಿನ ಹೋಗಿ ಹೊಳೆ ದಂಡೆಯಲ್ಲಿ ಡೇರೆ ಹಾಕಿದೆವು. ಜೋನಾ, ಅಜ್ಜಿ, ರಫೀಕ್, ನಾನು. ತಾಯಿ ಮಗು ಹಳ್ಳಿಯಲ್ಲಿ ಉಳಿದರು. ನೆಲವೆಲ್ಲ ಹುಲ್ಲಿನ ಗಡ್ಡೆ ಗಡ್ಡೆ, ಕಾಲಿಟ್ಟಲ್ಲಿ ಜಾರುತ್ತದೆ. ಕೊಡೆಯನ್ನು ಊರುಗೋಲು ಮಾಡಿಕೊಂಡೆ. ಆಗ ರಫೀಕ್ ಕೂಡ, "ಪರವಾಗಿಲ್ಲ, ಉಪಕಾರಕ್ಕೆ ಬಂತು" ಎಂದ.

ಗುಡ್ಡದ ಸಾಲಿನ ಮೇಲೆ ಅಲ್ಲಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿಟ್ಟ ಗುಪ್ಪೆಗಳಿದ್ದವು, ಮನುಷ್ಯ ನಿಂತ ಹಾಗೆ. ಅಜ್ಜಿಯ ಅಜ್ಜಂದಿರ ಕಾಲದವು. ಕ್ಯಾರಿಬೂ ಅದನ್ನು ಮನುಷ್ಯನೆಂದು ಹೆದರಿ ಬೇಕಾದ ದಾರಿಗೆ ತಿರುಗುತ್ತದೆ. ತುದಿಗೆ ಪಟಪಟ ಎನ್ನುವ ಏನನ್ನಾದರೂ ಕಟ್ಟಿದರೆ ಇನ್ನೂ ಹೆದರುತ್ತದೆ. "ನಮ್ಮ ವಾಮಂಜೂರಿನ ಗದ್ದೆಯ ಬೆದರುಬೊಂಬೆ ಹಾಗೆ" ಎಂದೆ. ಅಷ್ಟು ಚಂದ ಅರ್ಥ ಮಾಡಿಕೊಂಡವನು ನಾನು!

ನಿಯಮವನ್ನು ಅಜ್ಜಿ ಮೊದಲ ದಿನವೇ ಹೇಳಿದ್ದರು. ಮುಂದೆ ಬರುವವನ್ನು ಮುಟ್ಟಬಾರದು, ಹೆದರಿಸಬಾರದು. ಅವು ದಾರಿ ಗೊತ್ತಿರುವ ಮುದಿ ಹೆಣ್ಣುಗಳು. ಅವು ಸಮಾಧಾನದಿಂದ ಹೊಳೆ ದಾಟಿದರೆ ಹಿಂದಿನ ಸಾವಿರವೂ ಅದೇ ಜಾಡಿನಲ್ಲಿ ಬರುತ್ತವೆ. ಆಮೇಲೆ ಬೇಕಾದಷ್ಟು ಹೊಡೆಯಬಹುದು. ಹೆದರಿದರೆ ಹಿಂಗಾಲಿನ ಮೇಲೆ ನಿಂತು ನೆಗೆಯುತ್ತವೆ. ಆಗ ಗೊರಸಿನ ನಡುವಿನಿಂದ ಒಂದು ವಾಸನೆ ನೆಲಕ್ಕೆ ಅಂಟುತ್ತದೆ. ಹಿಂದಿನಿಂದ ಬಂದವು ಆ ವಾಸನೆ ಹಿಡಿದು ತಿರುಗಿ ಹೋಗುತ್ತವೆ. ಆ ವರ್ಷಕ್ಕೆ ದಾರಿ ಮುಚ್ಚಿತು ಎಂದೇ ಲೆಕ್ಕ.

ನಾಲ್ಕು ದಿನ ಕಾದೆವು. ಜೋನಾ ಹಿಡಿದ ಮೀನನ್ನು ಅವರು ಹಸಿಯಾಗಿಯೇ ಕೊಯ್ದು ತಿಂದರು. ನಾನು ಊರಿನಿಂದ ಒಯ್ದ ಮೆಣಸಿನ ಹುಡಿ ಹಚ್ಚಿ ಹುರಿದು ಕೊಟ್ಟೆ. ಅಜ್ಜಿ ಒಂದು ತುಂಡು ಬಾಯಿಗಿಟ್ಟು, ಕಣ್ಣಲ್ಲಿ ನೀರು ತುಂಬಿ, ಮೂಗು ಸುಕ್ಕು ಮಾಡಿದರು. ಜೋನಾ ಹೊಟ್ಟೆ ಹಿಡಿದುಕೊಂಡು ನಕ್ಕ.

ಬೇರೆ ಹೊತ್ತಿನಲ್ಲಿ ನನಗೊಂದು ಕೆಲಸ ಸಿಕ್ಕಿತು. ಅಜ್ಜಿಗೆ ಸೂಜಿಗೆ ದಾರ ಪೋಣಿಸಲು ಕಾಣುತ್ತಿರಲಿಲ್ಲ. ಕ್ಯಾರಿಬೂ ಬೆನ್ನಿನ ನರವನ್ನು ಒಣಗಿಸಿ ಸೀಳಿದ ದಾರ ಅದು. ಅವರ ಹತ್ತಿರ ಉಳಿದದ್ದೇ ಒಂದು ಹಿಡಿ. ನಾನು ಒಂದೊಂದಾಗಿ ಪೋಣಿಸಿ ಹದಿನಾರು ಸೂಜಿಗಳನ್ನು ಒಂದು ಬಟ್ಟೆಯ ಮೇಲೆ ಸಾಲಾಗಿ ಚುಚ್ಚಿಟ್ಟೆ. ಚರ್ಮ ಬಂದ ಕೂಡಲೇ ಹೊಲಿಯಲು ಕೂರುವುದೊಂದೇ ಬಾಕಿ. ಅವರು ಆ ಸಾಲನ್ನು ಬೆರಳಿನಿಂದ ಎಣಿಸಿ ನನ್ನ ಭುಜ ತಟ್ಟಿದರು.

ಕಣ್ಣು ಹೋದ ಹಾಗೆ ಅವರ ಕಿವಿ ಚುರುಕಾಗಿತ್ತು. ನಮಗೆ ಕೇಳದ್ದೆಲ್ಲ ಅವರಿಗೆ ಕೇಳುತ್ತಿತ್ತು. "ಅವು ಬಂದ್ರೆ ಮೊದಲು ಗೊತ್ತಾಗುದು ಅಜ್ಜಿಗೆ" ಎಂದು ರಫೀಕ್ ಹೇಳಿದ್ದ.

ಹೊಳೆ ದಂಡೆ, ಐದನೆಯ ಬೆಳಿಗ್ಗೆ

ಜೋನಾ ಕೆಳಗೆ ದೋಣಿಯ ಹತ್ತಿರ ಬಂದೂಕು ಹಿಡಿದು ಅಡಗಿದ್ದ. ನಾನೂ ರಫೀಕನೂ ಮೇಲೆ ಗುಡ್ಡದ ಅಂಚಿನಲ್ಲಿ ಬಂಡೆಯ ಹಿಂದೆ ಬೋರಲು ಮಲಗಿದ್ದೆವು. ನಮ್ಮಿಂದ ಹತ್ತು ಹೆಜ್ಜೆ ಕೆಳಗೆ, ಹೊಳೆಯ ಕಡೆ ಮುಖ ಮಾಡಿ, ಕಲ್ಲಿಗೆ ಒರಗಿ ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರು. ಎದ್ದು ನಿಲ್ಲಬಾರದು, ಮಾತಾಡಬಾರದು ಎಂದು ರಫೀಕ್ ನನಗೆ ಎರಡೆರಡು ಸಲ ಹೇಳಿದ್ದ. ನಾನು ಎದ್ದೂ ನಿಲ್ಲಲಿಲ್ಲ, ಮಾತೂ ಆಡಲಿಲ್ಲ.

ಅಜ್ಜಿ ಒಂದು ಬೆರಳು ಎತ್ತಿದರು. ನನಗೇನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿತು: ಟಿಕ್, ಟಿಕ್, ಟಿಕ್. ನೂರಾರು ಜನ ಒಟ್ಟಿಗೆ ಬೆರಳಿನ ನೆಟಿಕೆ ಮುರಿದ ಹಾಗೆ. ನಡೆಯುವಾಗ ಅವುಗಳ ಕಾಲಿನ ನರ ಮೂಳೆಯ ಮೇಲೆ ಜಾರಿ ಆಗುವ ಸದ್ದು ಅದು. ಆಮೇಲೆ ಎದುರು ದಂಡೆಯ ಇಳಿಜಾರಿನಲ್ಲಿ ಅವು ಕಂಡವು. ಮುಂದೆ ಏಳೆಂಟು, ಹಿಂದೆ ಲೆಕ್ಕವಿಲ್ಲದಷ್ಟು. ನಮ್ಮ ಕಡವೆಗಿಂತ ಸ್ವಲ್ಪ ಸಣ್ಣದು, ಬೂದು ಮೈ, ಬಿಳಿ ಕುತ್ತಿಗೆ. ಎಲ್ಲಕ್ಕಿಂತ ಮುಂದೆ ಒಂದು ಮುದಿ ಹೆಣ್ಣು, ಒಂದು ಕೊಂಬು ಕೆಳಗೆ ಬಾಗಿದ್ದು. ನೀರಿನ ಅಂಚಿಗೆ ಬಂದು ಮೂಗು ತಗ್ಗಿಸಿತು. ಮುಂಗಾಲು ನೀರಿಗೆ ಇಟ್ಟಿತು. ನನ್ನ ಪಕ್ಕದಲ್ಲಿ ರಫೀಕ್ ಉಸಿರು ಬಿಗಿಹಿಡಿದಿದ್ದ. ಅಲ್ಲಾಹನೇ, ದಾಟಲಿ ಎಂದು ನಾನೂ ಬೇಡಿಕೊಂಡೆ. ನಿಜವಾಗಿಯೂ ಬೇಡಿಕೊಂಡೆ.

ಅಷ್ಟರಲ್ಲಿ ಮಳೆ ಹನಿಯಿತು. ದೊಡ್ಡದೇನಲ್ಲ. ನನ್ನ ಬೋಳು ತಲೆಯ ಮೇಲೆ ಒಂದು ಹನಿ, ಮತ್ತೊಂದು ಹನಿ.

ನಾನು ಯೋಚಿಸಿ ಮಾಡಲಿಲ್ಲ. ಯೋಚಿಸಿದ್ದರೆ ಮಾಡುತ್ತಿದ್ದೆನಾ? ತಲೆಗೆ ಹನಿ ಬಿದ್ದರೆ ಹೆಬ್ಬೆರಳು ಬಟನ್ ಒತ್ತಬೇಕು, ಹುಟ್ಟಿದಂದಿನಿಂದ ಈ ಮೈ ಕಲಿತದ್ದು ಅಷ್ಟೇ. ಮಲಗಿದ್ದಲ್ಲಿಂದಲೇ ಕೈ ಮೇಲೆ ಹೋಯಿತು.

ಟಪ್.

ಇಬ್ಬರು ನಿಲ್ಲುವಷ್ಟು ಅಗಲದ ಕಪ್ಪು ಬಟ್ಟೆ ಗುಡ್ಡದ ಅಂಚಿನಲ್ಲಿ, ಆಕಾಶಕ್ಕೆ ಎದುರಾಗಿ ಅರಳಿತು. ಗಾಳಿಗೆ ಪಟಪಟ ಎಂದಿತು. ಆಚೆ ದಂಡೆಯ ಮುದಿ ಹೆಣ್ಣು ಹಿಂಗಾಲಿನ ಮೇಲೆ ನಿಂತು ನೆಗೆದು ತಿರುಗಿತು. ಅದರ ಹಿಂದಿನವು ತಿರುಗಿದವು. ಇಡೀ ಇಳಿಜಾರು ತಿರುಗಿತು. ನಾನು ಕೊಡೆ ಮಡಚುವಷ್ಟರಲ್ಲಿ ಆಚೆ ದಂಡೆಯಲ್ಲಿ ಒಂದು ಕೊಂಬೂ ಇರಲಿಲ್ಲ.

ರಫೀಕ್ ನನ್ನನ್ನು ನೋಡಿದ. ಕೆಳಗಿನಿಂದ ಜೋನಾ ದಾಪುಗಾಲು ಹಾಕಿ ಹತ್ತಿ ಬರುವುದು ಕಂಡಿತು. ಆಗ ನಾನು ಮಾಡಿದ್ದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಕೊಡೆಯನ್ನು ಎರಡು ಬಂಡೆಗಳ ಸಂದಿಗೆ ತುರುಕಿದೆ. ಪೂರ್ತಿ ಹೋಗಲಿಲ್ಲ, ಕಾಲಿನಿಂದ ಒತ್ತಿದೆ. ಕಟ್ ಎಂದು ಒಂದು ಕಡ್ಡಿ ಮುರಿಯಿತು. ಮೇಲೆ ಪಾಚಿ ಕಿತ್ತು ಮುಚ್ಚಿದೆ. ಅರವತ್ತು ದಾಟಿದ ಗಂಡಸು, ನಾಲ್ಕು ಜನಕ್ಕೆ ಬುದ್ಧಿ ಹೇಳುವವನು, ಮಾವಿನಕಾಯಿ ಕದ್ದ ಹುಡುಗನ ಹಾಗೆ.

ಜೋನಾನಿಗೆ ಕೆಳಗಿನಿಂದ ಕಪ್ಪಗೆ ಏನೋ ಎದ್ದದ್ದು ಮಾತ್ರ ಕಂಡಿತ್ತು. ರಫೀಕ್ ಹಾಕಿದ್ದು ಕಪ್ಪು ಜಾಕೆಟು. "ನೀನು ಎದ್ದು ನಿಂತೆಯಾ?" ಎಂದು ಜೋನಾ ಇಂಗ್ಲಿಷಿನಲ್ಲಿ ಕೇಳಿದ.

ರಫೀಕ್ ಹುಬ್ಬು ಎತ್ತಿದ.

ಜೋನಾ ಕೂಗಲಿಲ್ಲ, ಆ ಜನ ಕೂಗುವವರಲ್ಲ. ಅವನನ್ನು ಒಮ್ಮೆ ನೋಡಿ ತಿರುಗಿ ಇಳಿದು ಹೋದ. "ಅವನಲ್ಲ, ನಾನು" ಎನ್ನಲು ನನಗೆ ಬೇಕಾದಷ್ಟು ಇಂಗ್ಲಿಷ್ ಇತ್ತು. ನಾನು ಪಾಚಿ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡೆ. ಅಜ್ಜಿ ಕೂತಲ್ಲಿಯೇ ಇದ್ದರು. ಹೊಳೆಯ ಕಡೆಗೆ ಮುಖ, ಕೈ ಎರಡೂ ಮಡಿಲಲ್ಲಿ. ನಮ್ಮ ಕಡೆ ತಿರುಗಲೂ ಇಲ್ಲ.

"ಯಾಕೆ ಹಾಗೆ ಹೇಳಿದೆ?" ಎಂದು ಆಮೇಲೆ ಕೇಳಿದೆ.

"ನೀವು ಹಿರಿಯರು ಮಾಮ. ನಾಲ್ಕು ದಿನಕ್ಕೆ ಬಂದವರು. ನಿಮ್ಮ ಮರ್ಯಾದೆ ಹೋಗ್ಬಾರ್ದು."

"ನಾನು ಅವರಿಗೆ ಹೇಳ್ತೇನೆ."

"ಹೇಳಿ" ಎಂದ. ಅಷ್ಟೇ ಎಂದ.

ಇನ್ನೂ ಎರಡು ದಿನ ಕಾದೆವು. ಹಿಂಡು ಬರಲಿಲ್ಲ. ಡೇರೆಯೊಳಗೆ ಆ ಹದಿನಾರು ಸೂಜಿಗಳು ದಾರ ಪೋಣಿಸಿಕೊಂಡು ಸಾಲಾಗಿ ಹಾಗೇ ಇದ್ದವು. ಊಟಕ್ಕೆ ಕೂತರೆ ಅವು ನನ್ನ ಎದುರಿಗೇ. ಇವತ್ತು ಹೇಳುತ್ತೇನೆ, ಚಹಾ ಕುಡಿದು ಹೇಳುತ್ತೇನೆ, ದೋಣಿ ಹತ್ತುವಾಗ ಹೇಳುತ್ತೇನೆ ಎಂದು ದಿನ ದೂಡಿದೆ. ಒಂದು ಬೆಳಿಗ್ಗೆ ಅಜ್ಜಿ ನೆಲದಲ್ಲಿ ಹಬ್ಬುವ ಕಾಡು ಹಣ್ಣು ಹೆಕ್ಕಲೆಂದು ಗುಡ್ಡದ ಕಡೆಗೆ ಒಬ್ಬರೇ ಹೋಗಿ ಬಂದರು. ಆ ಎರಡು ದಿನದಲ್ಲಿ ನಾನು ಕೊಡೆಯನ್ನು ನೆನೆದದ್ದು, ಅದು ಯಾರಿಗೂ ಸಿಗದಿರಲಿ ಎಂದು ಮಾತ್ರ.

ಮತ್ತೆ ಹಳ್ಳಿ

ಹಳ್ಳಿಗೆ ಬಂದ ಮೇಲೆ ಯಾರೂ ರಫೀಕನಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಹೀಟರು ಕೆಟ್ಟರೆ ಮೊದಲಿನ ಹಾಗೆ ಕರೆದರು, ಕೆಲಸ ಮುಗಿದ ಮೇಲೆ ಚಹಾಕ್ಕೆ ಕೂರಿಸಲಿಲ್ಲ. ಸೀಲ್ ಎಂಬ ಕಡಲಪ್ರಾಣಿಯ ಬೇಟೆಗೆ ಹೋಗುವ ದೋಣಿಯಲ್ಲಿ ಅವನಿಗೆ ಒಂದು ಜಾಗ ಎಂದು ಜೋನಾ ಹೇಳಿದ್ದ. ದೋಣಿ ಹೊರಟಿತು. ಇವನು ಬೂಟು ಹಾಕಿ ತಯಾರಾಗಿ ಕಿಟಕಿಯಲ್ಲಿ ನಿಂತಿದ್ದ. ದೋಣಿ ತಿರುವು ದಾಟಿದ ಮೇಲೆ ಬೂಟು ಬಿಚ್ಚಿಟ್ಟ.

"ಹಸಿವಾಯ್ತಾ ಮಾಮ?" ಎಂದು ಕೇಳಿದ.

ಮೂರು ವರ್ಷ ಕಷ್ಟಪಟ್ಟು ಗಳಿಸಿದ ಅವನ ಹೆಸರನ್ನು ನಾನು ಒಂದು ಹೆಬ್ಬೆರಳಿನಿಂದ ಕಳೆದಿದ್ದೆ. ಕಳೆದದ್ದು ಒಂದು ಕಡೆ, ಬಾಯಿ ಬಿಡದಿದ್ದದ್ದು ಇನ್ನೊಂದು ಕಡೆ. ಮೊದಲನೆಯದಕ್ಕೆ ಕೈಯ ಅಭ್ಯಾಸ ಎನ್ನಬಹುದು, ಎರಡನೆಯದಕ್ಕೆ ಏನೆನ್ನಲಿ? ಪಕ್ಕದ ಮನೆಗೆ ಹೋಗಲು ಇಪ್ಪತ್ತು ಹೆಜ್ಜೆ. ನಾಲ್ಕು ದಿನ ಸಿಕ್ಕಿತು, ಹೋಗಲಿಲ್ಲ. ತಂಗಿ ಫೋನು ಮಾಡಿ, "ನನ್ನ ಮಗ ಹೇಗಿದ್ದಾನೆ?" ಎಂದಾಗ, "ಆರಾಮ ಇದ್ದಾನೆ, ಊರಿಗೆಲ್ಲ ಬೇಕಾದವನು" ಎಂದೆ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ವಿಮಾನ ನಿಲ್ಲುವಲ್ಲಿ

ಹೊರಡುವ ದಿನ ಜಲ್ಲಿ ಹಾಸಿದ ವಿಮಾನದ ಪಟ್ಟಿಯ ಹತ್ತಿರ ರಫೀಕನೂ ನಾನೂ ನಿಂತಿದ್ದೆವು. ಜೋನಾನ ಗಾಡಿಯ ಹಿಂದೆ ಕೂತು ಎಲಿಸಪಿ ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಉದ್ದನೆಯದೊಂದು ಕಟ್ಟು. ಅದನ್ನು ನನ್ನ ಕೈಗೆ ಇಟ್ಟರು.

"ಅಮ್ಮ ನಿಮಗೆ ಏನೋ ಗಿಫ್ಟ್ ತಂದಿದ್ದಾರೆ, ನನಗೂ ತೋರಿಸಲಿಲ್ಲ" ಎಂದು ಜೋನಾ ನನ್ನ ಹತ್ತಿರ ಇಂಗ್ಲಿಷಿನಲ್ಲಿ ಹೇಳಿದ. ರಫೀಕನ ಕಡೆ ನೋಡಲಿಲ್ಲ.

ಬಟ್ಟೆಯ ಒಳಗೆ ಏನಿದೆ ಎಂದು ಕೊಡೆ ಮಾರುವವನ ಕೈಗೆ ಬೇರೆ ಹೇಳಬೇಕಾ? ಅಜ್ಜಿ ನನ್ನ ಮಣಿಕಟ್ಟು ಹಿಡಿದರು. ಮುಖವನ್ನು ನನ್ನ ಮುಖಕ್ಕೆ ತೀರಾ ಹತ್ತಿರ ತಂದು, ಮಬ್ಬು ಕಣ್ಣಿನ ಓರೆಯಿಂದ ನೋಡಿದರು. ಬಿಡದೆ ನೋಡಿದರು. ಅದು ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ಭಾಷೆ ಬೇಕಾಗಿರಲಿಲ್ಲ, ಮಕ್ಕಳೆಲ್ಲ ನಗುತ್ತಿದ್ದ ಈ ಪೊದೆ ಹುಬ್ಬನ್ನು ಒಂದು ಸಲ ಎತ್ತಿದ್ದರೆ ಸಾಕಿತ್ತು. ಜೋನಾ ಪಕ್ಕದಲ್ಲೇ ಇದ್ದ. ರಫೀಕ್ ಪಕ್ಕದಲ್ಲೇ ಇದ್ದ.

ನನ್ನ ಹುಬ್ಬು ಏಳಲಿಲ್ಲ. "ಥ್ಯಾಂಕ್ಯೂ, ಥ್ಯಾಂಕ್ಯೂ" ಎಂದೆ. ಅವರು ಮಣಿಕಟ್ಟು ಬಿಟ್ಟರು.

ವಿಮಾನ ಮೋಡಕ್ಕೆ ಏರಿದ ಮೇಲೆ ಬಟ್ಟೆ ಬಿಚ್ಚಿದೆ. ಮುರಿದ ಕಡ್ಡಿಗೆ ಕೊಂಬಿನ ಸಣ್ಣ ಚಕ್ಕೆ ಆನಿಸಿ ನರದ ದಾರ ಬಿಗಿದು ಸುತ್ತಿದ್ದರು. ಹರಿದ ಬಟ್ಟೆಗೆ ಆಚೆ ಕಾಣದ ಅದೇ ಹೊಲಿಗೆ. ಅಲ್ಲಲ್ಲಿ ಸೂಜಿ ದಾರಿ ತಪ್ಪಿ ಮತ್ತೆ ಚುಚ್ಚಿದ ಗುರುತು, ಕಾಣದೆ ಹೊಲಿದದ್ದಲ್ಲವೇ. ನಾನು ಪೋಣಿಸಿಟ್ಟ ಸೂಜಿಯಲ್ಲೇ ಹೊಲಿದಿರಬೇಕು. ಮಗುವಿಗೆಂದು ಇಟ್ಟಿದ್ದ ಆ ಒಂದು ಹಿಡಿ ದಾರದಿಂದಲೇ. ಪಕ್ಕದ ಸೀಟಿನವರು ಗಾಬರಿಯಾಗಿ ನೀರು ಬೇಕೇ ಎಂದು ಕೇಳುವಷ್ಟು ಅತ್ತೆ.

ಕುಲಶೇಖರ

ಊರಿಗೆ ಬಂದು ಆ ಕೊಡೆಯನ್ನು ಅಂಗಡಿಯ ಗೋಡೆಗೆ ತೂಗುಹಾಕಿದೆ. ಒಂದು ಸಲವೂ ಬಿಡಿಸಲಿಲ್ಲ. ಕೇಳಿದವರಿಗೆ, "ಅದು ಮಾರ್ಲಿಕ್ಕೆ ಅ‌ಲ್ಲ" ಎಂದೆ.

ಡಿಸೆಂಬರಿನ ಒಂದು ಸಂಜೆ ರಫೀಕ್ ವಿಡಿಯೋ ಕಾಲ್ ಮಾಡಿದ. ಅಲ್ಲಿ ಆಗ ಬೆಳಿಗ್ಗೆ. ಅಂಗಡಿಯಲ್ಲಿ ಕೊಡೆಗೆ ಹೊಸ ಹಿಡಿ ಹಾಕಿಸಲು ಬಂದ ವಾಮಂಜೂರಿನ ಒಬ್ಬ ಮೇಷ್ಟ್ರು ಕೂತಿದ್ದರು. ರಫೀಕ್ ಇದ್ದದ್ದು ಎಲಿಸಪಿಯ ಮನೆಯಲ್ಲಿ, ಹೀಟರು ರಿಪೇರಿಗೆ ಹೋಗಿದ್ದ. ಹಿಂದುಗಡೆ ಜೋನಾ, ಅವನ ತೋಳಿನಲ್ಲಿ ಮಗು. ಮಗು ಹಾಕಿದ್ದು ಅಲ್ಲಿಯ ಅಂಗಡಿಯಿಂದ ಕೊಂಡ ನೀಲಿ ಜಾಕೆಟು. ತಿಂಗಳ ಹಿಂದೆ ದೂರದ ದಾರಿಯಲ್ಲಿ ಕೆಲವು ಕ್ಯಾರಿಬೂ ಸಿಕ್ಕಿದವಂತೆ, ಆದರೆ ರೋಮ ಉದ್ದ, ಹಾಸಲು ಮಾತ್ರ ಆಗುವಂಥದ್ದು.

"ಅಜ್ಜಿ ಇಲ್ಲೇ ಇದ್ದಾರೆ, ನೋಡ್ತೀರಾ ಮಾಮ?"

ಅಜ್ಜಿಯ ಮುಖ ಫೋನಿನ ತುಂಬ ಬಂತು. ನಾನು ಗೋಡೆಯಿಂದ ಕೊಡೆ ತೆಗೆದು ಎದುರಿಗೆ ಹಿಡಿದೆ. ಈ ಸಲ ಆಗಲೇಬೇಕು ಎಂದು, ಹುಬ್ಬು ಎಷ್ಟು ಏಳುತ್ತದೋ ಅಷ್ಟೂ ಎತ್ತಿದೆ. ಅವರು ಸುಮ್ಮನೆ ಇದ್ದರು. ಇನ್ನೊಮ್ಮೆ ಎತ್ತಿದೆ.

"ಮಾಮ," ಎಂದ ರಫೀಕ್, "ಅವರಿಗೆ ಈಗ ಮುಖ ಕಾಣುದಿಲ್ಲ. ಎಂತ ಹೇಳ್ಲಿಕ್ಕೆ ಉಂಟೋ ಅದನ್ನು ಬಾಯಲ್ಲಿ ಹೇಳಿ."

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ನಾನು ಜೋನಾನಿಗೂ ಅರ್ಥವಾಗಲಿ ಎಂದು ನನ್ನ ಹರಕು ಇಂಗ್ಲಿಷಿನಲ್ಲೇ ಹೇಳಿದೆ. ಅವತ್ತು ರಫೀಕ್ ಎದ್ದು ನಿಲ್ಲಲಿಲ್ಲ. ಅದು ನನ್ನ ಕೊಡೆ. ಬಿಡಿಸಿದ್ದು ನಾನು, ಬಚ್ಚಿಟ್ಟದ್ದೂ ನಾನು.

ಜೋನಾ ರಫೀಕನ ಕಡೆ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ತಾಯಿಗೆ ಅವರ ಭಾಷೆಯಲ್ಲಿ ಹೇಳಿದ. ಅಜ್ಜಿ ಏನೋ ಕೇಳಿದರು, ಜೋನಾ ಅದನ್ನು ರಫೀಕನಿಗೆ ಇಂಗ್ಲಿಷಿಗೆ ತಂದ.

"ಕಡ್ಡಿ ಗಟ್ಟಿ ನಿಂತಿದಾ ಅಂತ ಕೇಳ್ತಾರೆ" ಎಂದ ರಫೀಕ್.

ಬಿಡಿಸಿಯೇ ನೋಡಲಿಲ್ಲ ಎಂದು ಹೇಗೆ ಹೇಳಲಿ? ಬಟನ್ ಒತ್ತಿದೆ. ಟಪ್. ಎಂಟು ಕಡ್ಡಿಯೂ ನೆಟ್ಟಗೆ ನಿಂತವು. ಅಜ್ಜಿ ಕಣ್ಣು ಮುಚ್ಚಿ, ಅವತ್ತು ಹೊಳೆ ದಂಡೆಯಲ್ಲಿ ಕೂತಿದ್ದ ಹಾಗೆಯೇ, ತಲೆಯನ್ನು ಒಂದಿಷ್ಟು ಓರೆ ಮಾಡಿದರು. ಮೆಲ್ಲಗೆ ಒಂದು ಮಾತು ಹೇಳಿದರು. ಜೋನಾ ಅದನ್ನು ರಫೀಕನಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಸರಿಯಾಗಿ ಕೇಳಲಿಲ್ಲ.

"ಎಂತ ಹೇಳಿದ್ರು ಮಾರಾಯ?"

"'ಇದೇ ಸದ್ದು' ಅಂದ್ರು ಮಾಮ. ಅವತ್ತು ಅವರಿಗೆ ಕೇಳಿದ್ದು ಇದೇ ಅಂತೆ."

ಮೇಷ್ಟ್ರು ಎದ್ದು, ನಾಳೆ ಬರುತ್ತೇನೆಂದು ಹೇಳಿ ಹೋದರು. ನಾನು ಅಂಗಡಿಯೊಳಗೆ ಆ ಬಿಡಿಸಿದ ಕೊಡೆಯ ಅಡಿಯಲ್ಲೇ ನಿಂತಿದ್ದೆ. ಅದನ್ನು ಮಡಚಲು ಕೈ ಬರಲಿಲ್ಲ.